ಜೆರಾಕ್ಸು ಅರ್ಥ ಎಂಗೊಗೆ ಬೇಡ

ಅಕ್ಕಂದ್ರೇ, ತಂಗೆಕ್ಕಳೇ, ಅತ್ತೆಕ್ಕಳೇ, ಈ ಸರ್ತಿ ಹಪ್ಪಳದ ಸುದ್ದಿಯೂ ಇಲ್ಲೆ, ಮೆಣಸುಕಾಯಿಯ ಸುದ್ದಿಯೂ ಇಲ್ಲೆ. ಈ ಸರ್ತಿ ಆನು ರಜ ಲಡಾಯಿಗೆ ಹೆರಟಿದೆ. ಮದಲೇ ಹೇಳಿಬಿಡ್ತೆ: ಬೇರೆಯವು ಬರದು ಕೊಟ್ಟದರ ಬಾಯಿಪಾಠ ಮಾಡಿ ಒಪ್ಪುಸುದಕ್ಕೆ ತಾಳಮದ್ದಳೆ ಹೇಳಿ ಹೆಸರು ಮಡುಗೆಡಿ. ಅದರ ಕಲಿಶುವ ಜಾಗೆಗೆ ಅರ್ಥಗಾರಿಕೆಯ ಕ್ಲಾಸು ಹೇಳಿಯೂ ಹೇಳೆಡಿ. ಹೆಮ್ಮಕ್ಕೊಗೆ ಸುಲಭ ಆಗಲಿ ಹೇಳುವ ನೆಪಲ್ಲಿ ನಮ್ಮ ಕೈಗೆ ಕಾಗದ ಕೊಟ್ಟು, ಆ ಕಲೆಲಿ ಕಲಿಯೆಕ್ಕಾದ ಮುಖ್ಯ ಸಂಗತಿಯನ್ನೇ ನವಗೆ ಸಿಕ್ಕದ್ದ ಹಾಂಗೆ ಮಾಡ್ತಾ ಇದ್ದವು.

ಪತ್ತನಾಜೆ ಕಳುದು ಮೇಳಂಗೊ ಗೆಜ್ಜೆ ಬಿಚ್ಚಿದ ಮತ್ತೆ, ಮಳೆಗಾಲಲ್ಲಿ ತಾಳಮದ್ದಳೆಯ ಕಾಲ. ಮದಲು ಅದು ಪೂರ ಗೆಂಡುಮಕ್ಕಳ ಕೂಟ. ಈಗ ಪುತ್ತೂರು, ಸುಳ್ಯ, ಬಂಟ್ವಾಳ, ಕಾಸರಗೋಡಿನ ಹೊಡೆಲಿ ಹೆಮ್ಮಕ್ಕಳ ತಂಡಂಗೊ ಇದ್ದು. ನವರಾತ್ರಿಗೆ, ಅಷ್ಟಮಿಗೆ, ದೇವಸ್ಥಾನದ ವಾರ್ಷಿಕಕ್ಕೆ ನಮ್ಮವೂ ಕೂರ್ತವು. ಅವಕ್ಕೆ ಬೇಕಾಗಿ ಕ್ಲಾಸುಗೊ, ಶಿಬಿರಂಗೊ ಸುರು ಆಯಿದು. ಕೊಶಿಯ ಸಂಗತಿಯೇ. ಐವತ್ತು ಕಳುದ ಹೆಮ್ಮಕ್ಕೊ ಚೀಲಲ್ಲಿ ಪುಸ್ತಕ ಹಾಕ್ಯೊಂಡು ಕ್ಲಾಸಿಂಗೆ ಹೋಪದು ನೋಡ್ಲೆ ಚೆಂದ. ಎನ್ನ ಜಗಳ ಕ್ಲಾಸಿನ ಮೇಲೆ ಅಲ್ಲ. ಕ್ಲಾಸಿಲಿ ಕೊಡುವ ಕಾಗದದ ಮೇಲೆ.

ಸುಮಾರು ಕಡೆ ಕ್ಲಾಸು ನಡವ ಕ್ರಮ ಹೀಂಗೆ. ಸುರುವಾಣ ದಿನ ದೀಪ ಹೊತ್ತುಸುದು, ಗೆಣಪತಿ ಸ್ತುತಿ, ಹೊಗಳಿಕೆ. ಎರಡ್ನೇ ದಿನ ಪಾತ್ರ ಹಂಚುದು. ಮೂರ್ನೇ ದಿನ ಜೆರಾಕ್ಸು. ‘ಅಕ್ಕ, ನಿಂಗೊ ಅಂಬೆ, ನಿಂಗೊಗೆ ನಾಕು ಪುಟ. ನಿಂಗೊ ಭೀಷ್ಮ, ಏಳು ಪುಟ.’ ಜೆರಾಕ್ಸಿಲ್ಲದ್ದಲ್ಲಿ ವಾಟ್ಸಾಪಿಲಿ ಪಿಡಿಎಫ್ ಬತ್ತು. ಮತ್ತೆ ಒಳುದ ವಾರ ಪೂರ ಆ ಕಾಗದವ ಒಪ್ಪುಸುದೇ ಕೆಲಸ. ಇಲ್ಲಿ ಸ್ವರ ಏರುಸಿ, ಇಲ್ಲಿ ರಜ ನಿಲ್ಲುಸಿ, ಇಲ್ಲಿ ಮಹಾಪ್ರಾಣ ಬಿಟ್ಟು ಹೋತು. ಕಾಗದಲ್ಲಿ ‘ಆಹಾ’ ಹೇಳುದನ್ನೂ ಬರದು ಕೊಟ್ಟಿರ್ತವು. ಎಲ್ಲಿ ನೆಗೆ ಮಾಡೆಕ್ಕು ಹೇಳಿಯೂ ಇರ್ತು. ನಮ್ಮ ನೆಗೆಯನ್ನೂ ಬೇರೆಯವು ಬರದು ಕೊಡೆಕ್ಕಾ?

ಬೆಂಗ್ಳೂರಿಲಿ ಹುಟ್ಟಿ ಬೆಳದ ಸೊಸೆಕ್ಕೊಗೆ ಬೇಕಾಗಿ ತಾಳಮದ್ದಳೆ ಹೇಳಿರೆ ಎಂತ ಹೇಳಿ ಒಂದರಿ ಬಿಡುಸಿ ಹೇಳ್ತೆ. ಯಕ್ಷಗಾನ ಪ್ರಸಂಗ ಹೇಳಿರೆ ಪದ್ಯಂಗಳ ಪುಸ್ತಕ. ಪಾರ್ತಿಸುಬ್ಬನ ರಾಮಾಯಣ ಪ್ರಸಂಗ ಆಗಲಿ, ಮತ್ತೊಬ್ಬ ಕವಿಯ ಭಾರತ ಪ್ರಸಂಗ ಆಗಲಿ, ಅದರಲ್ಲಿ ಇಪ್ಪದು ಹಾಡುವ ಪದ್ಯ. ಮಾತಿನ ಕವಿ ಬರದು ಮಡುಗಿದ್ದವಿಲ್ಲೆ. ಭಾಗವತರು ಪದ್ಯ ಹೇಳ್ತವು, ಮದ್ದಳೆ, ಚೆಂಡೆ ನುಡಿತ್ತು. ಪದ್ಯ ಮುಗುದಪ್ಪದ್ದೇ ಅರ್ಥಧಾರಿ ಅದರ ಸಾರ ಹಿಡ್ಕೊಂಡು ಸ್ವಂತ ಮಾತಿಲಿ ಪಾತ್ರವ ಕಟ್ಟೆಕ್ಕು. ವೇಷ ಇಲ್ಲೆ, ಕೊಣಿವದು ಇಲ್ಲೆ, ಬಣ್ಣ ಇಲ್ಲೆ. ಕೂದುಗೊಂಡು ಮಾತಾಡುದು, ಅಷ್ಟೆ. ಎದುರು ಕೂದವು ಒಂದು ಪ್ರಶ್ನೆ ಹಾಕಿರೆ ಅದಕ್ಕೆ ಅಲ್ಲಿಯೇ ಉತ್ತರ ಹುಟ್ಟೆಕ್ಕು. ಹಾಂಗಾಗಿಯೇ ಅದೇ ಪ್ರಸಂಗವ ಅದೇ ಜೆನಂಗೊ ಹತ್ತು ಸರ್ತಿ ಹೇಳಿರೂ ಹತ್ತು ಸರ್ತಿಯೂ ಕೇಳ್ಲೆ ಜೆನ ಬಪ್ಪದು. ಶೇಣಿ ಗೋಪಾಲಕೃಷ್ಣ ಭಟ್ರ (1918–2006) ವಾಲಿಯ ಕೇಳಿದವು ಈಗಳೂ ಅದರ ನೆಂಪು ಮಾಡಿಗೊಳ್ತವು. ಕತೆ ಗೊಂತಿಲ್ಲದ್ದೆ ಅವು ಬಂದದಾ? ವಾಲಿ ಸಾಯ್ತ ಹೇಳಿ ಸಣ್ಣ ಮಕ್ಕೊಗೂ ಗೊಂತಿದ್ದು. ಇಂದು ವಾಲಿ ಎಂತ ಕೇಳುಗು, ರಾಮ ಹೇಂಗೆ ಸಂಬಾಳುಸುಗು, ಅದರ ನೋಡ್ಲೆ ಬಂದದು.

ಈಗ ಇದಕ್ಕೆ ಜೆರಾಕ್ಸು ಕೊಟ್ಟರೆ ಎಂತಕ್ಕು? ವಾಲಿಯ ಕೈಲಿ ಒಂದು ಕಾಗದ, ರಾಮನ ಕೈಲಿ ಒಂದು ಕಾಗದ. ಮರದ ಹಿಂದೆ ನಿಂದು ಎಂತಕೆ ಬಾಣ ಬಿಟ್ಟೆ ಹೇಳಿ ವಾಲಿ ಕೇಳುವ ಮದಲೇ ರಾಮಂಗೆ ಪ್ರಶ್ನೆಯೂ ಗೊಂತಿದ್ದು, ಉತ್ತರವೂ ಗೊಂತಿದ್ದು. ಆ ಪ್ರಶ್ನೆ ಆರನ್ನೂ ಕುಟ್ಟುತ್ತಿಲ್ಲೆ. ಪ್ರಶ್ನೆಪತ್ರಿಕೆ ಮದಲೇ ಸಿಕ್ಕಿದ ಪರೀಕ್ಷೆ ಅದು. ಪಾಸು ಅಪ್ಪಲಕ್ಕು, ಕಲ್ತ ಹಾಂಗೆ ಆಗ.

ಕಳುದ ಮಳೆಗಾಲಲ್ಲಿ ಒಂದು ಕಡೆ ‘ಭೀಷ್ಮ ವಿಜಯ’ ಇತ್ತು. ಊರು ಬೇಡ, ಹೆಸರು ಬೇಡ. ಅಂಬೆಗೆ ಕೂದ ಅಕ್ಕ ಮಾತಿನ ಭರಲ್ಲಿ ಎರಡ್ನೇ ಪುಟ ಬಿಟ್ಟು ಮೂರಕ್ಕೆ ಹಾರಿದವು. ಸಾಲ್ವ ಎನ್ನ ತಿರಸ್ಕಾರ ಮಾಡಿದ ಹೇಳುವ ಸಂಗತಿ ಇಪ್ಪದು ಆ ಎರಡ್ನೇ ಪುಟಲ್ಲಿ. ಅದು ಬಾರದ್ದೆ ಹೋತು. ಎದುರು ಕೂದ ಭೀಷ್ಮ ಮಾಂತ್ರ ಕಾಗದಲ್ಲಿ ಇಪ್ಪ ಹಾಂಗೆ, ‘ಸಾಲ್ವ ನಿನ್ನ ತಿರಸ್ಕಾರ ಮಾಡಿರೆ ಅದಕ್ಕೆ ಆನು ಹೊಣೆಯಾ?’ ಹೇಳಿ ಗುಡುಗಿದವು. ಸಾಲ್ವನ ಹೆಸರೇ ಅಲ್ಲಿವರೆಂಗೆ ಬೈಂದಿಲ್ಲೆ. ಜೆನ ಗೊಳ್ಳನೆ ನೆಗೆ ಮಾಡಿದವು. ‘ಹೆಮ್ಮಕ್ಕಳ ತಾಳಮದ್ದಳೆ ಹೇಳಿರೆ ಹೀಂಗೇ’ ಹೇಳಿ ಹಿಂದೆ ಕೂದವು ಒಬ್ಬ ಹೇಳಿದ್ದು ಎನಗೆ ಕೇಳಿತ್ತು.

ಎನ್ನ ಪಿತ್ತ ನೆತ್ತಿಗೇರಿದ್ದು ಅಂಬಗ. ಆ ಅಕ್ಕನ ಮೇಲೆ ಅಲ್ಲ. ಆ ಅಕ್ಕ ಮದುವೆ ಮನೆಲಿ ಮಾತಿಂಗೆ ಕೂದರೆ ಇಪ್ಪತ್ತು ಜೆನವ ನೆಗೆಶುಗು, ಕೂಸಿನ ಕೇಳ್ಲೆ ಬಂದವರ ಬಾಯಿಂದ ಮಾಣಿಯ ನಿಜ ಸಂಬಳ ಹೆರ ಹಾಕ್ಸುಗು. ಹಾಂಗಿಪ್ಪವರ ಬಾಯಿ ಕಟ್ಟಿದ್ದು ಆ ನಾಕು ಪುಟ. ಎದುರಾಣವರ ಮಾತು ಕೇಳ್ಲೆ ಪುರುಸೊತ್ತೇ ಇಲ್ಲೆ, ಮನಸ್ಸಿಲಿ ಮುಂದಾಣ ಸಾಲು ಓಡ್ತಾ ಇರ್ತು. ಭೀಷ್ಮಂಗೆ ಕೂದವೂ ಹಾಂಗೇ. ಅಂಬೆ ಎಂತ ಹೇಳಿತ್ತು ಹೇಳಿ ಕೇಳಿದ್ದರೆ, ‘ಸಾಲ್ವನ ಹತ್ರಂಗೆ ಹೋದ್ದು ಎಂತಾತು?’ ಹೇಳಿ ಒಂದು ಪ್ರಶ್ನೆ ಹಾಕಿ ಆ ಬಿಟ್ಟು ಹೋದ ಪುಟವ ಅಂಬೆಯ ಬಾಯಿಂದಲೇ ಹೇಳ್ಸುಲಾವ್ತಿತ್ತು. ಒಂದು ಪ್ರಶ್ನೆಲಿ ಮುಗಿವ ಸಂಗತಿ. ಅದರ ಕ್ಲಾಸಿಲಿ ಕಲಿಶಿದ್ದವಿಲ್ಲೆ. ನೆಗೆ ಮಾಡೆಕ್ಕಾದ್ದು ಕ್ಲಾಸಿನ ಮೇಲೆ, ಅಲ್ಲಿ ಕೂದ ಇಬ್ರ ಮೇಲೆ ಅಲ್ಲ.

ಇದಕ್ಕೆ ಎದುರಾಗಿ ಹೇಳುವ ಮಾತುಗೊ ಎನಗೆ ಗೊಂತಿದ್ದು. ಒಂದೊಂದಾಗಿ ನೋಡುವ.

ಸುರುವಾಣದ್ದು: ‘ಹೆಮ್ಮಕ್ಕೊಗೆ ಸಮಯ ಎಲ್ಲಿದ್ದು? ಬರದು ಕೊಟ್ಟರೆ ಬೇಗ ಆವ್ತು.’ ಸಮಯ ಇಲ್ಲೆ ಹೇಳುದು ಸತ್ಯ. ದನದ ಕೆಲಸ, ಅಟ್ಟುಂಬೊಳ, ತೋಟಕ್ಕೆ ಬಂದವಕ್ಕೆ ಆಸರಿಂಗೆ, ಇರುಳಾಣ ಅಶನ, ಇದರ ಎಡೆಲಿ ಎರಡು ಗಂಟೆ ಹೆರ ತೆಗದು ಹೋಪದು. ಆದರೆ ಐವತ್ತೈದು ವರ್ಷದವಕ್ಕೆ ಏಳು ಪುಟ ಬಾಯಿಪಾಠ ಮಾಡ್ಲೆ ಎಷ್ಟು ದಿನ ಬೇಕು ಹೇಳಿ ಆರಾರೂ ಲೆಕ್ಕ ಹಾಕಿದ್ದವಾ? ದೋಸೆ ಎರವಗ ಕಾಗದ, ಬಟ್ಟೆ ಒಣಗುಸುವಗ ಕಾಗದ. ಎರಡು ತಿಂಗಳು ಅದರ ಬಾಯಿಪಾಠ ಮಾಡಿರೂ ಕೈಲಿ ಒಳಿವದು ಒಂದು ಪ್ರಸಂಗದ ಒಂದು ಪಾತ್ರ. ಮುಂದಾಣ ವರ್ಷ ಬೇರೆ ಪ್ರಸಂಗ ಆದರೆ ಪುನಃ ಕಾಗದಕ್ಕೆ ಕೈ ಒಡ್ಡೆಕ್ಕು. ಅದೇ ಎರಡು ತಿಂಗಳಿಲಿ, ಪದ್ಯವ ಒಡದು ಅರ್ಥ ಮಾಡುದು ಹೇಂಗೆ, ಎದುರು ಮಾತಿನ ಹಿಡಿವದು ಹೇಂಗೆ ಹೇಳಿ ಕಲ್ತರೆ, ಅದು ಏವ ಪ್ರಸಂಗಕ್ಕೂ ಆವ್ತು. ಒಂದು ಸಾಂಬಾರಿನ ಬರದು ಕೊಡುದಕ್ಕೂ ಒಗ್ಗರಣೆ ಹದ ಕಲಿಶುದಕ್ಕೂ ವೆತ್ಯಾಸ ಇಲ್ಲೆಯಾ?

ಎರಡ್ನೇದು ದೊಡ್ಡವರ ಮಾತು: ‘ಅರ್ಥಗಾರಿಕೆ ಕ್ಲಾಸಿಲಿ ಬಪ್ಪದಲ್ಲ. ಕೇಳಿ ಕೇಳಿ ಬರೆಕ್ಕು. ಸಂಸ್ಕಾರಲ್ಲಿ ಬರೆಕ್ಕು. ಹಾಂಗಾಗಿ ಹೆಮ್ಮಕ್ಕೊಗೆ ಬರದು ಕೊಡದ್ದೆ ನಿವೃತ್ತಿ ಇಲ್ಲೆ.’ ಈ ಮಾತಿನ ಒಳ ಎಂತ ಇದ್ದು ನೋಡಿ. ಕೇಳಿ ಕಲಿವದು ಸರಿಯೇ. ಆದರೆ ಕೇಳ್ಲೆ ಕೂದವು ಆರು? ಮನೆಲಿ ತಾಳಮದ್ದಳೆ ಆದರೆ ಗೆಂಡುಮಕ್ಕೊ ಜೆಗಿಲಿಲಿ ಕೂದು ಉದಿವರೆಗೆ ಕೇಳಿದವು. ನಮ್ಮ ಅಬ್ಬೆಕ್ಕೊ, ಅಜ್ಜಿಯಕ್ಕೊ ಒಳ ಅವಕ್ಕೆ ಕಾಪಿ ಕಾಸಿದವು, ಅವಲಕ್ಕಿ ಕಲಸಿದವು. ಗೋಡೆಯ ಆಚೆಂದ ಕೇಳಿದ್ದು ತುಂಡು ತುಂಡು. ಕೃಷ್ಣ ಸಂಧಾನಕ್ಕೆ ಹೆರಡುವಗ ಹಾಲು ಉಕ್ಕಿತ್ತು, ಕೌರವನ ಉತ್ತರ ಬಪ್ಪಗ ಗ್ಲಾಸು ತೊಳವಲಿತ್ತು. ಮಾಣಿಯಂಗೊ ಸಣ್ಣದರಿಂದಲೇ ಅಪ್ಪನ ಒಟ್ಟಿಂಗೆ ಹೋದವು, ಸಣ್ಣ ಪಾತ್ರಕ್ಕೆ ಕೂದವು, ತಪ್ಪಿದವು, ತಿದ್ದಿಗೊಂಡವು. ಆ ಜೆಗಿಲಿಯೇ ಅವರ ಕ್ಲಾಸು. ಫೀಸು ಇಲ್ಲದ್ದ, ಬೋರ್ಡು ಇಲ್ಲದ್ದ ಕ್ಲಾಸು. ಅದು ನವಗೆ ಸಿಕ್ಕಿದ್ದಿಲ್ಲೆ ಹೇಳಿಯೇ ಈಗ ಬೋರ್ಡು ಹಾಕಿದ ಕ್ಲಾಸು ಬೇಕಾದ್ದು. ಸಂಸ್ಕಾರ ಸಿಕ್ಕದ್ದ ಹಾಂಗೆ ಒಳ ಕೂರ್ಸಿದ್ದೂ ಅವೇ, ಸಂಸ್ಕಾರ ಇಲ್ಲೆ ಹೇಳಿ ಕಾಗದ ಕೊಡುದೂ ಅವೇ.

ಇನ್ನೂ ಒಂದು ಕೇಳ್ತೆ. ಭಾಗವತಿಕೆಗೆ ಕ್ಲಾಸು ಇದ್ದು. ಮದ್ದಳೆಗೆ, ಚೆಂಡೆಗೆ, ನಾಟ್ಯಕ್ಕೆ ಕ್ಲಾಸು ಇದ್ದು. 1970ರ ದಶಕಂದಲೇ ಉಡುಪಿಲಿ, ಧರ್ಮಸ್ಥಳಲ್ಲಿ ಯಕ್ಷಗಾನ ಕಲಿಶುವ ಕೇಂದ್ರಂಗೊ ಇದ್ದು. ಅದೆಲ್ಲ ಕಲಿಶುಲೆ ಎಡಿಗು, ಮಾತು ಮಾಂತ್ರ ಹುಟ್ಟುವಗಳೇ ಬರೆಕ್ಕಾ? ಹೆಂಗಸಿನ ಸ್ವರ ಭಾಗವತಿಕೆಗೆ ಆಗ ಹೇಳಿಯೂ ಮದಲು ಹೇಳಿಗೊಂಡಿತ್ತಿದ್ದವು. ಲೀಲಾವತಿ ಬೈಪಾಡಿತ್ತಾಯರು ಸಂಗೀತ ಕಲ್ತು, ಮದುವೆ ಆದ ಮತ್ತೆ ಗೆಂಡ ಹರಿನಾರಾಯಣ ಬೈಪಾಡಿತ್ತಾಯರ ಹತ್ರೆ ಭಾಗವತಿಕೆ ಕಲ್ತು, ಮೇಳಲ್ಲಿ ಪದ ಹೇಳಿದವು. ಅವಕ್ಕೆ ಆರೂ ಹಾಡಿ ಮಡುಗಿದ ಟೇಪು ಹಾಕಿ ಬಾಯಿ ಆಡುಸುಲೆ ಹೇಳಿದ್ದವಿಲ್ಲೆ. ಸರಿಯಾಗಿ ಕಲಿಶಿದವು, ಅವು ಸರಿಯಾಗಿ ಕಲ್ತವು. ಅರ್ಥಕ್ಕೂ ಬೇಕಾದ್ದು ಅದೇ.

ಆ ಕ್ಷಣಲ್ಲಿ ಹುಟ್ಟುವ ಮಾತಿನ ಕಲಿಶುಲೆ ಎಡಿಗು ಹೇಳುದಕ್ಕೆ ದೂರದ ಒಂದು ಸಾಕ್ಷಿ ಕೊಡ್ತೆ. ಬೆಂಗ್ಳೂರಿಲಿಪ್ಪ ಎನ್ನ ಮಗಳು ಶನಿವಾರ ಇಂಪ್ರೊವ್ ಹೇಳುವ ನಾಟಕದ ಕಮ್ಮಟಕ್ಕೆ ಹೋವ್ತು. ಅಲ್ಲಿ ಬರದ ನಾಟಕ ಇಲ್ಲೆ, ವೇದಿಕೆ ಹತ್ತಿದ ಮತ್ತೆಯೇ ಮಾತು ಹುಟ್ಟೆಕ್ಕು. ಈ ವಿದ್ಯೆಯ ಆಟಂಗಳ ಮೂಲಕ ಕಲಿಶುವ ಕ್ರಮ ಮಾಡಿಕೊಟ್ಟದು ಒಬ್ಬ ಹೆಂಗಸು, ಅಮೇರಿಕದ ಶಿಕಾಗೋ ಪೇಟೆಯ ವಯೋಲಾ ಸ್ಪೋಲಿನ್ (1906–1994). ಅವು 1920ರ ದಶಕಲ್ಲಿ ನೀವಾ ಬಾಯ್ಡ್ ಹೇಳುವ ಟೀಚರಮ್ಮನ ಹತ್ರೆ ಆಟಂದ ಪಾಠ ಕಲಿಶುವ ಕ್ರಮ ಕಲ್ತವು. ಮತ್ತೆ ಸರಕಾರದ ಯೋಜನೆಲಿ ಕೆಲಸ ಮಾಡುವಗ, ಬೇರೆ ಬೇರೆ ದೇಶಂದ ವಲಸೆ ಬಂದ ಕುಟುಂಬಂಗಳ ಮಕ್ಕೊಗೆ ನಾಟಕ ಕಲಿಶುಲೆ ಸ್ವಂತ ಆಟಂಗಳ ಮಾಡಿದವು. ಅದರ ಪೂರ ಸೇರ್ಸಿ 1963ರಲ್ಲಿ ಪುಸ್ತಕ ಬರದವು. ಅವರ ಮಗ ಪಾಲ್ ಸಿಲ್ಸ್ ಸೇರಿ 1959ರಲ್ಲಿ ಕಟ್ಟಿದ ಸೆಕೆಂಡ್ ಸಿಟಿ ಹೇಳುವ ನಾಟಕ ಸಂಸ್ಥೆ ಈಗಳೂ ಶಿಕಾಗೋಲ್ಲಿ ನಡೆತ್ತಾ ಇದ್ದು.

ಸ್ಪೋಲಿನ್ನಮ್ಮನ ಆಟಲ್ಲಿ ಒಂದು ಕನ್ನಾಟಿಯ ಆಟ. ಇಬ್ರು ಎದುರು ಬದುರು ನಿಂಬದು. ಒಬ್ಬ ಕೈ ಎತ್ತಿರೆ ಇನ್ನೊಬ್ಬ ಕನ್ನಾಟಿಲಿ ಕಂಡ ಹಾಂಗೆ ಅದೇ ಹೊತ್ತಿಂಗೆ ಕೈ ಎತ್ತೆಕ್ಕು. ಮಕ್ಕಳಾಟಿಕೆ ಹೇಳಿ ಕಾಂಗು. ಅದರಲ್ಲಿ ಕಲಿವದು ಎಂತರ? ಎದುರು ಇಪ್ಪವರ ಮೇಲೆ ಕಣ್ಣು ಮಡುಗುಲೆ. ಇನ್ನೊಂದರಲ್ಲಿ ಅರ್ಥ ಇಲ್ಲದ್ದ ಶಬ್ದಂಗಳಲ್ಲೇ ಮಾತಾಡುದು, ಸ್ವರಂದಲೇ ಸಂಗತಿ ಗೊಂತಾಯೆಕ್ಕು. ಆ ಕಮ್ಮಟಂಗಳ ಒಂದು ದೊಡ್ಡ ನಿಯಮ, ಎದುರಾಣವು ಕೊಟ್ಟದರ ತಳ್ಳಿ ಹಾಕದ್ದೆ, ಅದಕ್ಕೆ ‘ಅಪ್ಪು’ ಹೇಳಿ ಮುಂದಾಣದ್ದು ಸೇರ್ಸೆಕ್ಕು. ತಾಳಮದ್ದಳೆಲಿ ವಾದ ಅಲ್ಲದಾ, ಅಪ್ಪು ಹೇಳಿರೆ ಸೋತ ಹಾಂಗಲ್ಲದಾ ಹೇಳಿ ನಿಂಗೊ ಕೇಳುವಿ. ಅಲ್ಲ. ವಾದ ಮಾಡೆಕ್ಕಾರೂ ಎದುರಾಣವು ಹೇಳಿದ್ದರ ಮದಲು ಹಿಡಿಯೆಕ್ಕು. ‘ನೀನು ಹೇಳಿದ್ದು ಅಪ್ಪು, ಆದರೆ...’ ಹೇಳಿ ಸುರು ಅಪ್ಪ ಉತ್ತರಕ್ಕೆ ಇಪ್ಪ ಪೆಟ್ಟು, ಕೇಳದ್ದ ಹಾಂಗೆ ಮಾಡಿ ಸ್ವಂತ ಭಾಷಣ ಬಿಡುದಕ್ಕೆ ಇಲ್ಲೆ. ಅದು ಅಮೇರಿಕದ್ದು, ಇದು ನಮ್ಮದು, ಎರಡರನ್ನೂ ಕಲಸುಲೆ ಆನು ಹೇಳ್ತಾ ಇಲ್ಲೆ. ತೊಂಬತ್ತು ವರ್ಷ ಹಿಂದೆ ಅಲ್ಲಿಯ ಬಡವರ ಮಕ್ಕೊಗೆ ಆಟ ಆಡ್ಸಿ ಕಲಿಶುಲೆ ಎಡಿಗಾದ್ದರ, ರಾಮಾಯಣ ಭಾರತ ಕೇಳಿಯೇ ಬೆಳದ ನಮ್ಮ ಹೆಮ್ಮಕ್ಕೊಗೆ ಕಲಿಶುಲೆ ಎಡಿಯ ಹೇಳೆಡಿ, ಅಷ್ಟೆ.

ಮೂರ್ನೇ ಮಾತು: ‘ಕಾಗದ ಇಲ್ಲದ್ದರೆ ಪುರಾಣ ತಪ್ಪುಗು. ಶಾಸ್ತ್ರಕ್ಕೆ ವಿರುದ್ಧ ಎಂತಾರೂ ಬಾಯಿಂದ ಬಕ್ಕು.’ ಬಕ್ಕು, ಅಪ್ಪು. ಅದಕ್ಕೆ ಮದ್ದು ಮೂಲವ ಓದುಸುದು. ಸುಧನ್ವನ ಕತೆ ಬೇಕಾರೆ ಲಕ್ಷ್ಮೀಶನ ಜೈಮಿನಿ ಭಾರತ ಇದ್ದು. ಕೃಷ್ಣ ಸಂಧಾನಕ್ಕೆ ಕುಮಾರವ್ಯಾಸ ಇದ್ದ. ರಾಮಾಯಣಕ್ಕೆ ತೊರವೆ ರಾಮಾಯಣ ಇದ್ದು. ಇದರ ಗದ್ಯ ಅನುವಾದಂಗೊ ಪೇಟೆಲಿ ಸಿಕ್ಕುತ್ತು. ಆ ನಾಕು ಪುಟದ ಜೆರಾಕ್ಸಿನ ಬದಲು ಆ ಭಾಗದ ನಲುವತ್ತು ಪುಟ ಓದುಲೆ ಹೇಳಿ. ಎಂಗೊ ಓದದ್ದೆ ಇರ್ತೆಯಾ? ಪಿಯುಸಿವರೆಂಗೆ ಓದಿದವು, ಎಸ್ಸೆಲ್ಸಿವರೆಂಗೆ ಓದಿದವು ನಾವು ಪೂರ. ನಮ್ಮಲ್ಲಿ ಸುಮಾರು ಜೆನ ಮಕ್ಕೊಗೆ ಇಡೀ ಪರೀಕ್ಷೆಯ ಪಾಠ ಹೇಳಿಕೊಟ್ಟಿದು. ಇನ್ನು ತಪ್ಪಿನ ಸುದ್ದಿ. ಗೆಂಡುಮಕ್ಕೊ ಅರ್ಥ ಹೇಳುವಗ ತಪ್ಪುತ್ತವಿಲ್ಲೆಯಾ? ತಪ್ಪುತ್ತವು. ಎದುರಾಣವು ಅಲ್ಲಿಯೇ ಹಿಡಿತ್ತವು, ಅದುವೇ ಕೂಟಕ್ಕೆ ರುಚಿ ಕೊಡ್ತು. ಅವರ ತಪ್ಪು ರುಚಿ, ನಮ್ಮ ತಪ್ಪು ಅಪರಾಧ, ಈ ತಕ್ಕಡಿ ಆರದ್ದು?

ನಾಕನೇದು ರಜ ಜಾಣತನದ ಮಾತು: ‘ದೊಡ್ಡ ದೊಡ್ಡ ಅರ್ಥಧಾರಿಗಳೂ ತಯಾರಿ ಮಾಡಿಗೊಂಡೇ ಬಪ್ಪದು. ಅವಕ್ಕೂ ಕೆಲವು ಮಾತು ಬಾಯಿಪಾಠ ಇರ್ತು.’ ಇದು ನಿಜ. ಪೀಠಿಕೆಗೆ ಒಂದು ದಾರಿ ಮನಸ್ಸಿಲಿ ಮಡುಗಿರ್ತವು, ಶ್ಲೋಕ ನೆಂಪಿಲಿ ಮಡುಗಿರ್ತವು, ಒಳ್ಳೆ ಉಪಮೆ ಸಿಕ್ಕಿರೆ ಪುನಃ ಪುನಃ ಉಪಯೋಗ ಮಾಡ್ತವು. ಅದು ತಯಾರಿ. ಉಗ್ರಾಣಲ್ಲಿ ಅಕ್ಕಿ, ಬೇಳೆ, ಬೆಲ್ಲ, ಹುಣಸೆಹುಳಿ ತುಂಬುಸಿ ಮಡುಗುದು ತಯಾರಿ. ಎಷ್ಟು ಜೆನ ಬಂದವು, ಎಂತ ಬೇಕು ಹೇಳಿ ನೋಡಿ ಅಡಿಗೆ ಮಾಡುದು ಆ ಹೊತ್ತಿನ ಕೆಲಸ. ತಯಾರಿ ಬೇಡ ಹೇಳಿ ಆನು ಹೇಳಿದ್ದಿಲ್ಲೆ. ಉಗ್ರಾಣವೇ ಇಲ್ಲದ್ದೆ ಪೇಟೆಂದ ತಂದ ಪೊಟ್ಟಣ ಬಿಡುಸಿ ಬಳುಸುದು ಬೇಡ ಹೇಳ್ತೆ.

ಆ ಹೊತ್ತಿನ ಮಾತು ನವಗೆ ಹೊಸತೂ ಅಲ್ಲ. ಅಡಕ್ಕೆ ಸೊಲಿವಲೆ ನಾಕು ಜೆನ ಹೆಮ್ಮಕ್ಕೊ ಕೂದಲ್ಲಿ ಹೋಗಿ ಕೇಳಿ. ಒಬ್ಬ ಒಂದು ಕತೆ ಸುರು ಮಾಡಿತ್ತು, ಇನ್ನೊಂದು ಅದಕ್ಕೆ ಕೊಂಕು ಹಾಕಿತ್ತು, ಮೂರ್ನೇದು ಆ ಕೊಂಕಿನನ್ನೇ ತಿರುಗುಸಿ ಸುರುವಾಣದ್ದರ ಬಾಯಿ ಮುಚ್ಚುಸಿತ್ತು. ಕತ್ತಿಯೂ ನಿಂದಿದಿಲ್ಲೆ, ಬಾಯಿಯೂ ನಿಂದಿದಿಲ್ಲೆ. ಇದಕ್ಕೆ ಆರು ಕಾಗದ ಬರದು ಕೊಟ್ಟದು? ಕ್ಲಾಸಿನ ಕೆಲಸ ಹೇಳಿರೆ ಈ ಬಾಯಿಯ ಪುರಾಣದ ಮಾತಿಂಗೆ, ಪಾತ್ರದ ಗೌರವಕ್ಕೆ, ಪದ್ಯದ ಅಳತೆಗೆ ಹದ ಮಾಡುದು. ಇಪ್ಪ ಬಾಯಿಯ ಹೊಲುದು ಬೇರೆ ಬಾಯಿ ಅಂಟುಸುದಲ್ಲ.

ಹಾಂಗಾರೆ ಕ್ಲಾಸಿಲಿ ಎಂತ ಮಾಡೆಕ್ಕು? ಬೈದು ಎದ್ದು ಹೋಪವಳು ಹೇಳಿ ಆರೂ ಹೇಳುಲಾಗ, ಹಾಂಗಾಗಿ ಬರೆತ್ತೆ. 

ಮದಲನೇದು, ಕತೆ. ಪ್ರಸಂಗದ ಕತೆಯ ಪ್ರತಿಯೊಬ್ಬನೂ ಮೂರು ನಿಮಿಷಲ್ಲಿ ಕಾಗದ ಇಲ್ಲದ್ದೆ ಹೇಳೆಕ್ಕು. ಒಬ್ಬ ಕೈಕೇಯಿಯ ಹೊಡೆಂದ ಹೇಳಲಿ, ಒಬ್ಬ ದಶರಥನ ಹೊಡೆ ಹಿಡಿಯಲಿ, ಒಬ್ಬ ಮಂಥರೆ ಆಗಲಿ. ಅದೇ ಕತೆ ಮೂರು ಕತೆ ಅಪ್ಪದು ಅಲ್ಲಿಯೇ ಗೊಂತಾವ್ತು. 

ಎರಡ್ನೇದು, ಪದ್ಯ. ಒಂದು ಪದ್ಯವ ಬೋರ್ಡಿಲಿ ಬರದು, ಶಬ್ದ ಶಬ್ದ ಒಡದು, ಇದರಲ್ಲಿ ಹೇಳಲೇಬೇಕಾದ ಸಂಗತಿ ಎಷ್ಟು ಹೇಳಿ ಲೆಕ್ಕ ಮಾಡ್ಸುದು. ಮೂರು ಸಂಗತಿ ಇದ್ದರೆ ಆ ಮೂರನ್ನೂ ಹೇಳಿ, ಒಳುದ್ದು ನಿಂಗಳ ಇಷ್ಟ. ಒಂದೇ ಪದ್ಯಕ್ಕೆ ಐದು ಜೆನ ಐದು ನಮೂನೆ ಅರ್ಥ ಹೇಳಲಿ. ಆರದ್ದೂ ತಪ್ಪಲ್ಲ, ಆದರೆ ಏವುದು ಪದ್ಯಕ್ಕೆ ಹತ್ರೆ ಇದ್ದು, ಏವುದು ದಾರಿ ಬಿಟ್ಟತ್ತು ಹೇಳಿ ಎಲ್ಲೋರು ಸೇರಿ ಮಾತಾಡಲಿ. 

ಮೂರ್ನೇದು, ಕೇಳುದು. ಉತ್ತರ ಕೊಡುವ ಮದಲು ಎದುರಾಣವು ಅಕೇರಿಗೆ ಎಂತ ಹೇಳಿದವು ಹೇಳಿ ಒಂದು ವಾಕ್ಯಲ್ಲಿ ಹೇಳಿ ಮುಂದೆ ಹೋಯೆಕ್ಕು. ಒಂದು ತಿಂಗಳು ಇದೊಂದನ್ನೇ ಮಾಡಿಸಿರೂ ಆ ಭೀಷ್ಮ ವಿಜಯದ ಎಡವಟ್ಟು ಇನ್ನೊಂದರಿ ಆಗ. 

ನಾಕನೇದು, ಪ್ರಶ್ನೆ. ಒಬ್ಬ ಪಾತ್ರ ಆಗಿ ಕೂರೆಕ್ಕು, ಕ್ಲಾಸಿಲಿಪ್ಪವು ಪೂರ ಬಾಯಿಗೆ ಬಂದ ಹಾಂಗೆ ಪ್ರಶ್ನೆ ಕೇಳೆಕ್ಕು. ‘ಕೈಕೇಯೀ, ರಾಮ ನಿನ್ನನ್ನೂ ಅಬ್ಬೆ ಹೇಳಿಯೇ ದಿನಿಗೇಳಿಗೊಂಡಿತ್ತಿದ್ದ ಅಲ್ಲದಾ, ಅಂಬಗ ನಿನಗೆ ಎಂತ ಅನ್ಸಿತ್ತು?’ ಕಾಗದಲ್ಲಿ ಇಲ್ಲದ್ದ ಪ್ರಶ್ನೆ. ಅಂಬಗಳೇ ಪಾತ್ರ ಒಳಂದ ಮಾತಾಡ್ಲೆ ಸುರು ಮಾಡುದು. 

ಐದನೇದು, ಹೊಡೆ ತಿರುಗುಸುದು. ಈ ವಾರ ವಾಲಿ ಆದವು ಬಪ್ಪ ವಾರ ರಾಮ ಆಯೆಕ್ಕು. ಎದುರಾಣವರ ಕಷ್ಟ ಅಂಬಗ ಗೊಂತಾವ್ತು. 

ಆರನೇದು, ನಿಲ್ಲುಸುದು. ಮೂರು ನಿಮಿಷ ಹೇಳಿರೆ ಮೂರು ನಿಮಿಷಲ್ಲಿ ಮಾತಿನ ಮುಂದಾಣ ಪದ್ಯದ ಬಾಗಿಲಿಂಗೆ ತಂದು ಬಿಡೆಕ್ಕು. ಕಾರ್ಯಕ್ರಮಕ್ಕೆ ಒಂದೇ ಗಂಟೆ ಇಪ್ಪದು, ಕಾಗದ ಇಲ್ಲದ್ದರೆ ಸಮಯ ಮೀರುಗು ಹೇಳುವ ಸಂಘಟಕರಿಂಗೆ ಇದುವೇ ಉತ್ತರ. ಅಳತೆಲಿ ಮಾತಾಡುದೂ ಅಭ್ಯಾಸಂದ ಬಪ್ಪ ವಿದ್ಯೆ.

ಇದಕ್ಕೆ ಕಲಿಶುವವರ ಕಷ್ಟ ಜಾಸ್ತಿ, ಒಪ್ಪುತ್ತೆ. ಜೆರಾಕ್ಸು ಕೊಟ್ಟು ಕೂದರೆ ಮಾಷ್ಟ್ರಿಂಗೆ ಮಹಾಪ್ರಾಣ ತಿದ್ದಿರೆ ಸಾಕು. ಹತ್ತು ಜೆನ ಹತ್ತು ನಮೂನೆ ಮಾತಾಡ್ಲೆ ಸುರು ಮಾಡಿರೆ ಹತ್ತನ್ನೂ ಕೇಳೆಕ್ಕು, ಹತ್ತಕ್ಕೂ ಉತ್ತರ ಕೊಡೆಕ್ಕು, ಕೆಲವು ಸರ್ತಿ ಶಿಷ್ಯೆ ಹಾಕಿದ ಪ್ರಶ್ನೆಗೆ ‘ನಾಳೆ ನೋಡಿ ಹೇಳ್ತೆ’ ಹೇಳೆಕ್ಕಕ್ಕು. ಅದಕ್ಕೆ ತಯಾರಿಪ್ಪ ಮಾಷ್ಟ್ರಕ್ಕೊ ಇದ್ದವು. ಅವರ ಹುಡ್ಕಿಗೊಂಡು ಹೋಪ. ಕಾಗದ ಕೊಡುವವೂ ಕೆಟ್ಟವು ಅಲ್ಲ, ನವಗೆ ಉಪಕಾರ ಮಾಡ್ತಾ ಇದ್ದೆ ಹೇಳಿಯೇ ಗ್ರೇಶಿಗೊಂಡಿದವು. ಆ ಉಪಕಾರ ಸಾಕು ಹೇಳಿ ನಾವೇ ಹೇಳೆಕ್ಕಷ್ಟೆ.

ಈಗ ಕಠಿಣದ ಮಾತು. ಕಾಗದ ಬೇಕು ಹೇಳಿ ಕೇಳುವವು ನಮ್ಮಲ್ಲೇ ಇದ್ದವು. ‘ಎನಗೆ ಹೆದರಿಕೆ ಆವ್ತು ಮಾಷ್ಟ್ರೇ, ಬರದೇ ಕೊಡಿ.’ ಈ ಹೆದರಿಕೆ ಎಲ್ಲಿಂದ ಬಂತು ಹೇಳಿ ರಜ ಆಲೋಚನೆ ಮಾಡಿ. ಸಣ್ಣ ಇಪ್ಪಗ ಅಪ್ಪನೆದುರು, ಅಣ್ಣನೆದುರು ಒಂದು ಮಾತು ತಿರುಗಿ ಹೇಳಿರೆ ನವಗೆ ಸಿಕ್ಕಿದ ಬೈಗಳು ಎಂತರ? ‘ಎದುರುತ್ತರ ಕೊಡೆಡ.’ ಮದುವೆ ಆಗಿ ಬಂದ ಮನೆಲಿಯೂ ಅದೇ. ಐವತ್ತು ವರ್ಷ ಎದುರುತ್ತರ ನುಂಗಿ ನುಂಗಿ ಅಭ್ಯಾಸ ಆಯಿದು. ತಾಳಮದ್ದಳೆ ಹೇಳಿರೆ ಎದುರುತ್ತರದ ಕಲೆ. ಅಲ್ಲಿ ಎದುರುತ್ತರ ಕೊಡುವದೇ ಮರಿಯಾದಿ, ಕೊಡದ್ದರೆ ಅಪಮಾನ. ಅಂಥ ಜಾಗೆಗೆ ನಾವು ಬಂದು ಕೂದಪ್ಪಗ, ಎರಡೂ ಹೊಡೆಯ ಮಾತಿನ ಒಬ್ಬನೇ ಬರದು ಕೊಟ್ಟರೆ ಅಲ್ಲಿ ಎದುರುತ್ತರ ಎಲ್ಲಿದ್ದು? ಅವರ ಮಾತಿಂಗೆ ಅವರದ್ದೇ ಮಾತು ಉತ್ತರ. ನಾವು ನೆಡುಕೆ ಕೂದ ಮೈಕು.

ಅಂಬೆಯ ತೆಕ್ಕೊಳ್ಳಿ. ಸ್ವಯಂವರಂದ ಹೊತ್ತುಗೊಂಡು ಬಂದ ಭೀಷ್ಮ ಮದುವೆ ಆವ್ತಿಲ್ಲೆ, ಮನಸ್ಸಿಲಿಪ್ಪ ಸಾಲ್ವ ಸೇರ್ಸುತ್ತಿಲ್ಲೆ. ಆ ಕೂಸು ಭೀಷ್ಮನ ಎದುರು ನಿಂದು ಕೇಳುವ ಪ್ರಶ್ನೆಯ ಇಷ್ಟು ಕಾಲ ಗೆಂಡುಮಕ್ಕಳೇ ಕೇಳಿದವು, ಗೆಂಡುಮಕ್ಕಳೇ ಉತ್ತರ ಕೊಟ್ಟವು. ಚೆಂದಕೆ ಹೇಳಿದವು, ಅದರಲ್ಲಿ ಎರಡು ಮಾತಿಲ್ಲೆ. ಈಗ ಮದಲನೇ ಸರ್ತಿ ಒಬ್ಬ ಹೆಂಗಸು ಅಂಬೆ ಆಗಿ ಕೂದಿದು. ಕೂಸಿನ ಬೇರೆ ಮನೆಗೆ ಕಳ್ಸಿದ ಅಬ್ಬೆ ಅದು, ಸೊಸೆ ಆಗಿ ಬಂದದು ಅದು, ‘ನಿನ್ನ ಆರು ಕೇಳಿದವು?’ ಹೇಳ್ಸಿಗೊಂಡದೂ ಅದು. ಭೀಷ್ಮನ ಹತ್ರೆ ಕೇಳ್ಲೆ ಅದಕ್ಕೆ ಸ್ವಂತದ್ದು ಒಂದು ಪ್ರಶ್ನೆಯೂ ಇಲ್ಲೆಯಾ? ಇದ್ದು. ತಾರೆಗೆ ವಾಲಿಯ ತಡವಲೆ ಸ್ವಂತ ಮಾತಿದ್ದು, ದ್ರೌಪದಿಗೆ ಸಂಧಾನಕ್ಕೆ ಹೆರಟ ಕೃಷ್ಣನ ಹತ್ರೆ ಹೇಳ್ಲೆ ಸ್ವಂತ ಸಂಗತಿ ಇದ್ದು. ಅದರ ಕೇಳದ್ದೆ, ಹಳೇ ಮಾತಿನನ್ನೇ ನಮ್ಮ ಬಾಯಿಂದ ಹೆಟ್ಟಿ ಹೇಳ್ಸಿರೆ ಕಲೆಗೆ ಎಂತ ಲಾಭ? ನಾವು ಬಂದದರಿಂದ ತಾಳಮದ್ದಳೆಗೆ ಸಿಕ್ಕಿದ್ದು ಬರೇ ರೇಷ್ಮೆ ಸೀರೆಯಾ?

ಹಾಂಗಾಗಿ ಬಪ್ಪ ಮಳೆಗಾಲಲ್ಲಿ ಕ್ಲಾಸಿಂಗೆ ಸೇರುವವು ಸೇರುವ ಮದಲು ಮೂರು ಪ್ರಶ್ನೆ ಕೇಳಿ. ಎಂಗೊಗೆ ಪ್ರಸಂಗ ಪುಸ್ತಕ ಕೊಡ್ತೀರಾ, ಬರದ ಅರ್ಥ ಕೊಡ್ತೀರಾ? ಪ್ರತಿ ಕ್ಲಾಸಿಲಿ ಪ್ರತಿಯೊಬ್ಬಂಗೂ ಕಾಗದ ಇಲ್ಲದ್ದೆ ಮಾತಾಡ್ಲೆ ಎಡೆ ಇದ್ದಾ? ಎದುರಾಣವು ಎಂತ ಕೇಳುಗು ಹೇಳಿ ಮದಲೇ ಹೇಳ್ತೀರಾ, ಅಲ್ಲ ಅಲ್ಲಿಯೇ ಗೊಂತಪ್ಪದಾ? ಉತ್ತರ ಸರಿ ಕಂಡತ್ತಿಲ್ಲೆ ಹೇಳಿ ಆದರೆ ಫೀಸು ಕೊಡೆಡಿ. ನಾಕು ಜೆನ ಸೇರಿ ಮನೆ ಜೆಗಿಲಿಲೇ ಕೂರಿ. ಒಬ್ಬ ಪದ್ಯ ಓದಲಿ, ಇಬ್ರು ಅರ್ಥ ಹೇಳಲಿ, ನಾಕನೇದು ಪ್ರಶ್ನೆ ಹಾಕಲಿ. ಸುರುವಿಂಗೆ ಎರಡು ವಾಕ್ಯ ಬಕ್ಕು, ತಡವರಿಸುಗು, ನೆಗೆ ಬಕ್ಕು. ಎರಡು ತಿಂಗಳಪ್ಪಗ ಎರಡು ನಿಮಿಷ ಅಕ್ಕು.

ಕಾಪಿ ಕಾಸುಲೆ ಮನೆ ಗೆಂಡುಮಕ್ಕಳ ಹತ್ರೆ ಹೇಳಿ. ಅವು ಒಳಂದ ಕೇಳಲಿ.